ನೀಲಿ ಕಾರಿಗೆ ಹೊಂದುವ ಚಕ್ರ

ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ತಿರುಗುವ ರಸ್ತೆಯಲ್ಲಿ ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದೊಡ್ಡ ತಗ್ಗು ಬಿದ್ದಿತ್ತು. ನಾನು ಹಾವೇರಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರ. ದಿನವೂ ಸ್ಕೂಟರಿನಲ್ಲಿ ಬ್ಯಾಡಗಿಯ ಮನೆಗೆ ಮರಳುವಾಗ ಆ ತಗ್ಗನ್ನು ಬಳಸಿಕೊಂಡೇ ಬರುತ್ತಿದ್ದೆ. ಆದರೆ ಆ ಸಂಜೆ ನಾನು ಹೆಂಡತಿಯ ಕಾರಿನಲ್ಲಿದ್ದೆ. ಎದುರಿಗೆ ಮೆಣಸಿನಕಾಯಿ ಚೀಲ ಹೇರಿದ ಲಾರಿ ಬರುತ್ತಿತ್ತು. "ಮುಂದ ತಗ್ಗು ಐತಿ ನೋಡು" ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಎಡಗಡೆಯ ಮುಂದಿನ ಚಕ್ರ ಅದರೊಳಗೆ ಇಳಿದು ಎದ್ದಿತು. ನನ್ನ ಹಲ್ಲುಗಳು ಒಂದಕ್ಕೊಂದು ಬಡಿದವು.

"ಹೇಳೂದಾದ್ರ ಒಂದೀಟು ಮೊದ್ಲ ಹೇಳ್ರಿ" ಅಂದಳು ಅವಳು, ಕಾರು ನಿಲ್ಲಿಸದೆ.

ಮರುದಿನ ಬೆಳಿಗ್ಗೆ ಆ ಚಕ್ರ ನೆಲಕ್ಕೆ ಕೂತಿತ್ತು. ಪಂಕ್ಚರ್ ಅಂಗಡಿಯವನು ಟೈರು ಬಿಚ್ಚಿ ರಿಮ್ಮಿನ ಒಳಬದಿಗೆ ಸೋಪಿನ ನೀರು ಹಚ್ಚಿ ತೋರಿಸಿದ. ಕೂದಲೆಳೆಯಂಥ ಒಂದು ಬಿರುಕಿನಿಂದ ಗುಳ್ಳೆ ಏಳುತ್ತಿದ್ದವು. ಉಳಿದ ಮೂರು ಚಕ್ರಗಳನ್ನೂ ತಿರುಗಿಸಿ ನೋಡಿದ. ಎರಡು ಈಗಾಗಲೇ ಸೊಟ್ಟಗಾಗಿದ್ದವು.

"ವೆಲ್ಡ್ ಮಾಡಿಸಿದ್ರ ಹೆಂಗ?" ಅಂತ ಕೇಳಿದೆ.

"ಟ್ರ್ಯಾಕ್ಟರ್ ಟ್ರೇಲರಿಗಾದ್ರ ಮಾಡಸ್ರಿ ಅಂತಿದ್ದೆ. ಈ ಗಾಡಿಗೆ ಬ್ಯಾಡ್ರಿ ಸರ. ಅಕ್ಕಾರು ಓಡಸೂ ಸ್ಪೀಡು ನಾ ನೋಡೇನಿ."

ಅವಳು ಓಡಿಸುವ ವೇಗವನ್ನು ನೋಡದವರು ಬ್ಯಾಡಗಿಯಲ್ಲಿ ಯಾರೂ ಇರಲಿಲ್ಲ. ನನ್ನ ಹೆಂಡತಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ನಡೆಸುತ್ತಾಳೆ. ಅವಳಿಗೆ ಇಪ್ಪತ್ತು ವರ್ಷವಿದ್ದಾಗ ಅವಳ ಅಪ್ಪನಿಗೆ ಲಕ್ವ ಹೊಡೆದು, ಅಂಗಡಿಯ ಗಾದಿಯ ಮೇಲೆ ಇವಳು ಬಂದು ಕೂತವಳು ಇನ್ನೂ ಎದ್ದಿಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ, ಯಾರನ್ನೂ ಕೇಳದೆ, ಹುಬ್ಬಳ್ಳಿಯ ಒಬ್ಬ ವೈದ್ಯರು ಮಾರಾಟಕ್ಕಿಟ್ಟಿದ್ದ ಎರಡೇ ಆಸನದ, ನೆಲಕ್ಕೆ ಅಂಟಿದಂತಿರುವ ನೀಲಿ ಸ್ಪೋರ್ಟ್ಸ್ ಕಾರನ್ನು ಕೊಂಡು ತಂದಳು. ಅದು ವಿದೇಶಿ ಮಾಲು, ಹದಿನೈದು ವರ್ಷ ಹಳೆಯದು, ಆ ಮಾದರಿ ಈಗ ತಯಾರಾಗುವುದಿಲ್ಲ. ಹಮಾಲರು ಅದನ್ನು 'ಅಕ್ಕಾರ ವಿಮಾನ' ಅನ್ನುತ್ತಿದ್ದರು. ಮಾರುಕಟ್ಟೆಯ ಕೆಂಪು ಧೂಳು ಅದರ ಮೇಲೆ ಕೂರುತ್ತಿತ್ತು, ಸಂಜೆ ಅವಳೇ ಪೈಪು ಹಿಡಿದು ತೊಳೆಯುತ್ತಿದ್ದಳು. ತೊಳೆಯುವಾಗ ಏನೋ ಗುನುಗುತ್ತಿದ್ದಳು. ಮದುವೆಯಾದಂದಿನಿಂದ ಅವಳು ಗುನುಗಿದ್ದನ್ನು ನಾನು ಕೇಳಿರಲಿಲ್ಲ.

ನನಗೆ ಮಾತ್ರ ಆ ಕಾರು ಬಂದ ದಿನದಿಂದ ಎದೆಯೊಳಗೆ ಒಂದು ಭಾರ. ನಾನು ಹೆದರುವ ಮನುಷ್ಯ. ಗ್ಯಾಸಿನ ಗುಬ್ಬಿ ತಿರುಗಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಮರಳಿ ಬಂದವನು. ಅವಳು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ಓಣಿಯ ತುದಿಗೆ ಹೋಗಿ ನಿಲ್ಲುತ್ತಿದ್ದೆ.

ನಾಲ್ಕೂ ಚಕ್ರಗಳನ್ನು ಒಟ್ಟಿಗೇ ಬದಲಿಸಬೇಕಿತ್ತು. ಕಂಪನಿಯವೇ ಚಕ್ರ ತರಿಸಬೇಕೆಂದರೆ ಹೊರದೇಶದಿಂದ ಬರಬೇಕು. ಅದರ ಬೆಲೆ ಕೇಳಿ ಅವಳೂ ಬೇಡ ಅಂದಳು. ಬೇರೆಯವರು ತಯಾರಿಸಿದ ಚಕ್ರಗಳು ಸಿಗುತ್ತವೆ, ಅಗ್ಗವಾಗಿಯೂ ಇರುತ್ತವೆ, ಆದರೆ ಕಾರಿಗೆ ಸರಿಯಾಗಿ ಹೊಂದಬೇಕು ಅಂತ ಪಂಕ್ಚರ್ ಅಂಗಡಿಯವನು ಹೇಳಿದ. ಮಾರುಕಟ್ಟೆಯಲ್ಲಿ ಆವಕ ಏರುತ್ತಿದ್ದ ಕಾಲ, ವ್ಯಾಪಾರದ ದಿನಗಳಾದ ಸೋಮವಾರ ಗುರುವಾರ ಅವಳಿಗೆ ಉಣ್ಣಲಿಕ್ಕೂ ಪುರಸೊತ್ತಿರುತ್ತಿರಲಿಲ್ಲ.

"ಚಕ್ರದ ಕೆಲಸ ನೀವ ನೋಡ್ರಿ" ಅಂದಳು. "ಡ್ರಾಯಿಂಗ್ ಮಾಸ್ತರ ಅದೀರಿ. ಅಳತಿ ನಿಮಗ ಬಿಟ್ಟು ಯಾರಿಗೆ ತಿಳೀಬೇಕು?"

ಆ ಮಾತು ನನಗೆ ಹೆಮ್ಮೆ ತಂದಿತು ಅನ್ನುವುದನ್ನು ಮುಚ್ಚಿಡಲಾರೆ.

ಒಂದು ವಾರ ನಾನು ಚಕ್ರದ ಬಗ್ಗೆ ಓದಿದೆ. ದುಂಡಗಿದ್ದರೆ ಸಾಕು ಅಂದುಕೊಂಡಿದ್ದ ವಸ್ತುವಿಗೆ ಎಷ್ಟೆಲ್ಲ ಅಳತೆಗಳು! ಅಗಲ, ಎತ್ತರ ಸರಿ. ಅದರ ಮೇಲೆ ಆಫ್‌ಸೆಟ್ ಎಂಬುದೊಂದಿದೆ. ಚಕ್ರ ಕಾರಿನ ಒಳಗಡೆ ಎಷ್ಟು ಸರಿದು ಕೂರುತ್ತದೆ, ಹೊರಗೆ ಎಷ್ಟು ಚಾಚುತ್ತದೆ ಎಂಬುದರ ಲೆಕ್ಕ ಅದು. ಅದು ತಪ್ಪಿದರೆ ಟೈರು ಮೇಲಿನ ತಗಡಿಗೆ ಉಜ್ಜುತ್ತದೆ. ನಡುವಿನ ದೊಡ್ಡ ರಂಧ್ರ ಕಾರಿನ ಅಚ್ಚಿನ ತುದಿಯ ಗುಬಟಿನ, ಅಂದರೆ ಹಬ್ಬಿನ, ಮೇಲೆ ಬಿಗಿಯಾಗಿ ಕೂರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಬೋಲ್ಟುಗಳ ವೃತ್ತ. ಐದು ಬೋಲ್ಟುಗಳ ನಡುಬಿಂದುಗಳನ್ನು ಹಾಯ್ದು ಒಂದು ವೃತ್ತ ಎಳೆದರೆ ಅದರ ವ್ಯಾಸ ಎಷ್ಟು ಎಂಬುದು. ಅಗಲ, ಆಫ್‌ಸೆಟ್ ಎರಡೂ ನಮ್ಮ ಹಳೆಯ ಚಕ್ರದ ಹಿಂಬದಿಯಲ್ಲಿ ಅಚ್ಚಾಗಿದ್ದವು. ಬೋಲ್ಟಿನ ವೃತ್ತದ ಅಳತೆ ಮಾತ್ರ ಎಲ್ಲಿಯೂ ಇರಲಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಒಂದು ಕಡೆ ನೂರಾ ಹನ್ನೆರಡು ಮಿಲಿಮೀಟರ್ ಎಂದಿತ್ತು, ಇನ್ನೊಂದು ಕಡೆ ನೂರಾ ಹದಿನಾಲ್ಕೂ ಚಿಲ್ಲರೆ ಎಂದಿತ್ತು.

ಹಳೆಯ ಚಕ್ರವನ್ನು ಅಂಗಳದಲ್ಲಿ ಬೋರಲು ಮಲಗಿಸಿ ನಾನೇ ಅಳೆದೆ. ಮೊದಲು ಅದರ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ ಹಾಸಿ, ಪೆನ್ಸಿಲ್ ಉಜ್ಜಿ, ರಂಧ್ರಗಳ ಅಚ್ಚು ತೆಗೆದುಕೊಂಡೆ. ಆಮೇಲೆ ಸ್ಕೇಲಿಟ್ಟು ಒಂದು ರಂಧ್ರದ ನಡುವಿನಿಂದ ಎದುರಿನ ಎರಡು ರಂಧ್ರಗಳ ಹೊರ ಅಂಚಿನ ತನಕ ನೋಡಿದೆ. ನೂರಾ ಹದಿಮೂರು ಬಂತು. ಮತ್ತೊಮ್ಮೆ ಅಳೆದೆ. ನೂರಾ ಹದಿಮೂರೇ.

ಹಾವೇರಿಯ ಹೆದ್ದಾರಿ ಬದಿಯಲ್ಲಿ ಕಾರಿನ ಅಲಂಕಾರದ ಸಾಮಾನು ಮಾರುವ ಅಂಗಡಿಯೊಂದಿತ್ತು. ಗೋಡೆಯ ತುಂಬ ಚಕ್ರಗಳು, ಹಬ್ಬದ ತಾಟುಗಳ ಹಾಗೆ ಹೊಳೆಯುತ್ತಿದ್ದವು. ಅಂಗಡಿಯವನು ನಗುಮುಖದವನು, ಚಹಾ ತರಿಸಿ ಕೂಡಿಸಿದ.

"ಬೋಲ್ಟಿನ ಸೈಜು ಎಷ್ಟ್ರಿ ಸರ?"

"ನೂರಾ ಹನ್ನೆರಡಕ್ಕ ಏನಿದ್ದಾವು? ನೂರಾ ಹದಿನಾಲ್ಕಕ್ಕ ಏನಿದ್ದಾವು?"

"ಹನ್ನೆರಡಂದ್ರ ಇವತ್ತ ಕೊಡ್ತೇನ್ರಿ. ಇಕಾ, ಈ ಸೆಟ್ಟು. ಬಂದ ರೇಟಿಗೇ ಬಿಡ್ತೇನಿ. ಹದಿನಾಲ್ಕಂದ್ರ ಮುಂಬೈಲಿಂದ ಬರಬೇಕು, ಮ್ಯಾಲೆ ರೊಕ್ಕಾನೂ ಡಬಲ್ ಆಗ್ತೈತಿ. ನಿಮ್ದು ಯಾವ್ದು ಹೇಳ್ರಿ?"

ಎದುರಿಗೆ ನೂರಾ ಹನ್ನೆರಡರ ಚಕ್ರ ಇತ್ತು. ಐದು ಕಡ್ಡಿಗಳ, ಬೂದು ಬಣ್ಣದ, ತೀರ ಚೆಂದದ ಚಕ್ರ. ಅಗಲ ಹೊಂದುತ್ತಿತ್ತು, ಆಫ್‌ಸೆಟ್ ಹತ್ತಿರ ಹತ್ತಿರ ಇತ್ತು. ನನ್ನ ಅಳತೆ ನೂರಾ ಹದಿಮೂರು. ಹದಿಮೂರರಿಂದ ಹನ್ನೆರಡು ಒಂದೇ ಮಿಲಿಮೀಟರ್ ದೂರ, ಹದಿನಾಲ್ಕೂ ಚಿಲ್ಲರೆ ಅದಕ್ಕಿಂತ ಸ್ವಲ್ಪ ಹೆಚ್ಚು ದೂರ. ಸ್ಕೇಲಿನ ಗೆರೆಯೇ ಅಷ್ಟು ದಪ್ಪ ಇರುತ್ತದೆ ಅಂತ ಮನಸ್ಸು ಹೇಳಿತು. ಅವನು ಮುಂದಿಟ್ಟ ಚೀಟಿಯ ಮೇಲೆ ನಾನು ದುಂಡಗೆ, ಬೋರ್ಡಿನ ಮೇಲೆ ಬರೆದ ಹಾಗೆ, ೧೧೨ ಎಂದು ಬರೆದೆ.

ಮರುದಿನ ಅವಳು ಸ್ಟೆಪ್ನಿ ಚಕ್ರ ಹಾಕಿಕೊಂಡು ಕಾರು ತಂದಳು. ಅಂಗಡಿಯ ಕೆಲಸಗಾರ ಚಕ್ರ ಏರಿಸಿದ. ಐದೂ ಬೋಲ್ಟು ರಂಧ್ರದೊಳಗೆ ಬಂದವು. ಕೊನೆಯ ಎರಡು ನಟ್ಟುಗಳನ್ನು ಬಿಗಿ ಮಾಡುವಾಗ ಮಾತ್ರ ಅವನು ಪಾನಾದ ಮೇಲೆ ಕಾಲಿಟ್ಟು ಒತ್ತಿದ. ಒಂದು ಕಿರ್ ಎನ್ನುವ ಶಬ್ದ ಕೇಳಿಸಿತು. ನಾನು ಅವನ ಮುಖ ನೋಡಿದೆ.

"ಹೊಸಾವು ಅದಾವಲ್ರಿ, ನಟ್ಟು ಎಳಕೊಂಡು ಕುಂದ್ರತಾವು" ಅಂದ.

ನಾನು ಹೌದೆಂಬಂತೆ ತಲೆ ಆಡಿಸಿದೆ.

ಕಾರು ಚೆಂದ ಕಾಣುತ್ತಿತ್ತು. ಅವಳು ಸುತ್ತಲೂ ಒಂದು ಸುತ್ತು ಬಂದು, "ಭಾಳ ಛಲೋ ಆರಿಸೀರಿ" ಅಂದಳು. ಹೆದ್ದಾರಿಗೆ ಏರಿ ಎಂಬತ್ತರ ವೇಗ ದಾಟಿದಾಗ ಸ್ಟೇರಿಂಗ್ ಸಣ್ಣಗೆ ನಡುಗತೊಡಗಿತು. ಬ್ಯಾಲೆನ್ಸ್ ಸರಿ ಇರಲಿಕ್ಕಿಲ್ಲ ಅಂತ ಮರಳಿ ಹೋಗಿ ಸೀಸದ ತುಂಡು ಅಂಟಿಸಿಕೊಂಡು ಬಂದೆವು. ನಡುಕ ಕಡಿಮೆಯಾಯಿತು, ಆದರೆ ಹೋಗಲಿಲ್ಲ. "ಹೊಸಾ ಚಪ್ಪಲಿ ಹಂಗ, ರೂಢಿ ಆಗ್ತೈತಿ ಬಿಡ್ರಿ" ಅಂದಳು ಅವಳು. ನನಗೆ ರೂಢಿಯಾಗಲಿಲ್ಲ. ಎರಡು ವಾರ ನಾನು ಊಟ ಮಾಡುವಾಗ, ಸ್ನಾನ ಮಾಡುವಾಗ ಆ ಕಿರ್ ಶಬ್ದ ಕೇಳಿಸಿಕೊಂಡೆ. ಹೇಳಬೇಕು ಅಂತ ದಿನಾ ಅಂದುಕೊಂಡೆ. ಹೇಳಿದರೆ ನೂರಾ ಹದಿಮೂರನ್ನು ನೂರಾ ಹನ್ನೆರಡು ಮಾಡಿದ್ದನ್ನೂ ಹೇಳಬೇಕಾಗುತ್ತಿತ್ತು. ಎಲ್ಲಕ್ಕೂ ಹೆದರುವವನು ಇದಕ್ಕೂ ಹೆದರುತ್ತಾನೆ, ಇದೂ ಅಂಥದೇ ಒಂದು ಹೆದರಿಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎರಡು ವಾರದ ಮೇಲಿನ ಶನಿವಾರ, ಮುಂಜಾನೆಯ ಶಾಲೆ. ಅವಳ ಅಂಗಡಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮುಂದಾಳು ಒಬ್ಬಾಕೆ ಇದ್ದಳು, ಕಾಗಿನೆಲೆಯವಳು. ಅವಳ ಮಗಳ ಕುಬಸ ಅಂದು ಇತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ, ಬಳೆ, ಐದು ತರದ ಅಡಿಗೆ ಒಯ್ದು ಮಾಡುವ ಕಾರ್ಯ. ನನ್ನ ಹೆಂಡತಿ ಎಪ್ಪತ್ತೆಂಟು ವರ್ಷದ ನನ್ನ ಅವ್ವನನ್ನೂ ಕರೆದುಕೊಂಡು ಕಾರಿನಲ್ಲಿ ಹೋಗುವವಳಿದ್ದಳು. ಅವ್ವನಿಗೆ ಕಿವಿ ಮಂದ, ಆದರೆ ಆ ಕಾರಿನಲ್ಲಿ ಕೂರುವುದೆಂದರೆ ಎಲ್ಲಿಲ್ಲದ ಹುರುಪು.

ಒಂಬತ್ತನೆಯ ಕ್ಲಾಸಿಗೆ ನಾನು ಐದು ಮೂಲೆಯ ಆಕೃತಿ ತೆಗೆಯುವುದನ್ನು ಕಲಿಸುತ್ತಿದ್ದೆ. ಬೋರ್ಡಿನ ಮೇಲೆ ಕಟ್ಟಿಗೆಯ ಕಂಪಾಸಿನಿಂದ ವೃತ್ತ ಎಳೆದು, ಅದರ ಮೇಲೆ ಐದು ಬಿಂದು ಗುರುತಿಸಿ, ಗೆರೆಯಿಂದ ಕೂಡಿಸಿದೆ. ಮೇಲಿನ ಮೂಲೆಯಿಂದ ಕೆಳಕ್ಕೆ ಸ್ಕೇಲಿಟ್ಟವನು ಹಾಗೆಯೇ ನಿಂತೆ. ಮೇಲಿನ ಮೂಲೆಯ ಎದುರಿಗೆ ಮೂಲೆ ಇರಲಿಲ್ಲ. ಕೆಳಗಿನ ಗೆರೆಯ ನಟ್ಟನಡು ಇತ್ತು. ವೃತ್ತದ ಅಂಚು ಅದರಿಂದ ಇನ್ನೂ ಕೆಳಗಿತ್ತು. ಇಪ್ಪತ್ತೈದು ವರ್ಷ ಈ ಚಿತ್ರ ಬಿಡಿಸಿದ್ದೇನೆ. ಅಂಗಳದಲ್ಲಿ ಚಕ್ರದ ಮುಂದೆ ಕೂತಾಗ ಮಾತ್ರ ಎದುರಿಗೆ ಏನೋ ಇದೆ ಎಂಬಂತೆ ಅಂದಾಜಿನ ಗೆರೆ ಹಿಡಿದು ಅಳೆದಿದ್ದೆ. ಆ ಅಳತೆಗೆ ಅರ್ಥವೇ ಇರಲಿಲ್ಲ.

ಮಕ್ಕಳಿಗೆ ಚಿತ್ರ ನಕಲು ಮಾಡಲು ಹೇಳಿ ಕಪಾಟಿನಲ್ಲಿಟ್ಟಿದ್ದ ಪೆನ್ಸಿಲ್ ಅಚ್ಚಿನ ಹಾಳೆಯನ್ನು ಹೊರಗೆಳೆದೆ. ಈ ಸಲ ಪಕ್ಕಪಕ್ಕದ ಎರಡು ರಂಧ್ರಗಳ ನಡುವಿನ ದೂರ ಅಳೆದೆ. ಅರವತ್ತೇಳು ದಾಟುತ್ತಿತ್ತು. ಹಾಳೆಯ ಮೇಲೆ ಐದೂ ಬಿಂದು ಹಾಯುವಂತೆ ವೃತ್ತ ಎಳೆದು ವ್ಯಾಸ ನೋಡಿದೆ. ನೂರಾ ಹದಿನಾಲ್ಕು, ಅದರ ಮೇಲೆ ಕೂದಲಷ್ಟು. ಎರಡು ಮಿಲಿಮೀಟರಿಗೂ ಮಿಕ್ಕಿದ ಅಂತರ. ನಟ್ಟುಗಳು ಕೂತಿರಲಿಲ್ಲ. ಬೋಲ್ಟುಗಳು ಬಾಗಿ ಅವನ್ನು ಹೇಗೋ ಹಿಡಿದುಕೊಂಡಿದ್ದವು. ಆ ಕಿರ್ ಶಬ್ದ ಅದೇ ಆಗಿತ್ತು.

ಅವಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಅಂಗಡಿಯ ಗುಮಾಸ್ತನಿಗೆ ಮಾಡಿದೆ.

"ಅಕ್ಕಾರು ಹೊಂಟು ಅರ್ಧ ತಾಸಾತ್ರಿ ಸರ. ಅಮ್ಮಾರೂ ಕೂಡ್ಯಾರ. ಯಾಕ್ರಿ?"

"ಏನಿಲ್ಲ" ಅಂದೆ. ಆಗಲೂ ಏನಿಲ್ಲ ಅಂದೆ.

ಹೆಡ್‌ಮಾಸ್ತರಿಗೆ ಮನೆಯಲ್ಲಿ ತೊಂದರೆ ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿದೆ. ಮೋಟೆಬೆನ್ನೂರು ದಾಟಿ, ಬ್ಯಾಡಗಿಯ ಊರೊಳಗಿನ ಸಂದಣಿಯಲ್ಲಿ ನುಸುಳಿ ಕಾಗಿನೆಲೆಯ ರಸ್ತೆ ಹಿಡಿಯುವ ತನಕ ಏನು ಯೋಚಿಸಿದೆನೋ ನೆನಪಿಲ್ಲ. ಆಮೇಲಿನದು ಪೂರ್ತಿ ನೆನಪಿದೆ. ಪ್ರತಿ ತಿರುವಿಗೂ ರಸ್ತೆಯ ಬದಿಯ ಹೊಲ ನೋಡುತ್ತಿದ್ದೆ, ನೀಲಿ ಏನಾದರೂ ಕಾಣುತ್ತದೆಯೇ ಎಂದು. ಒಂದು ಕಡೆ ಗೋವಿನಜೋಳದ ರಾಶಿಗೆ ಹೊದಿಸಿದ್ದ ನೀಲಿ ತಾಡಪತ್ರಿ ಕಂಡು ಕೈ ತಾನಾಗಿ ಬ್ರೇಕ್ ಒತ್ತಿತು. ಮುಂದೆ ಹತ್ತು ಹನ್ನೆರಡು ಜನ ಗುಂಪುಗಟ್ಟಿ ಬಗ್ಗಿ ನೋಡುತ್ತ ನಿಂತಿದ್ದರು. ಹತ್ತಿರ ಹೋದರೆ ಕಲ್ಲಂಗಡಿಯ ವ್ಯಾಪಾರ ನಡೆದಿತ್ತು. ಒಬ್ಬನನ್ನು ಕೇಳಿದೆ, "ಇಲ್ಲೆ ನೀಲಿ ಕಾರು ಏನರ ಹೋತೇನ್ರಿ? ಸಣ್ಣದು, ಎರಡ ಸೀಟಿಂದು?"

"ಹೋತಲ್ರಿ, ಜುಂ ಅಂತ! ಒಳಗ ಒಬ್ಬಾಕಿ ಮುದುಕಿ ನಕ್ಕೋತ ಕುಂತಿದ್ಲು."

ನಕ್ಕೋತ ಎಂದು ಅವನು ಹೇಳಿದ್ದು ನನಗೆ ಇನ್ನೂ ಕೆಟ್ಟದ್ದೆನಿಸಿತು.

ಕಾಗಿನೆಲೆಯ ಊರೊಳಗೆ ಕುಬಸದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಂದರದ ಮುಂದೆ, ಬೇವಿನ ಗಿಡದ ಬುಡದಲ್ಲಿ ಕಾರು ನಿಂತಿತ್ತು. ನಾಲ್ಕೂ ಚಕ್ರಗಳ ಮೇಲೆ. ಸ್ಕೂಟರ್ ನಿಲ್ಲಿಸಿದೆನೋ ಬೀಳಿಸಿದೆನೋ, ಕಾರಿನ ಹಿಂದಿನ ಎಡ ಚಕ್ರದ ಮುಂದೆ ಮೊಣಕಾಲೂರಿ ಕೂತೆ. ನಟ್ಟಿಗೆ ಕೈ ಹಾಕಿದೆ. ತಿರುಗಿತು. ಪಾನಾ ಬೇಕಾಗಲಿಲ್ಲ, ಬೆರಳಿಗೇ ತಿರುಗಿತು. ಅದರ ಪಕ್ಕದ್ದೂ ತಿರುಗಿತು. ಮೂರನೆಯದು ಗಟ್ಟಿ ಇತ್ತು. ನಟ್ಟಿನ ಹಿಂದೆ ರಂಧ್ರದ ಅಂಚು ಸವೆದು ಹೊಸ ಲೋಹ ಬೆಳ್ಳಗೆ ಹೊಳೆಯುತ್ತಿತ್ತು.

ಯಾರೋ ಒಳಗೆ ಸುದ್ದಿ ಮುಟ್ಟಿಸಿರಬೇಕು. ಅವಳು ಹೊರಗೆ ಬಂದಳು. ಹಣೆಗೆ ಕುಂಕುಮ, ಕೈಯಲ್ಲಿ ಎಲೆ ಅಡಿಕೆ.

"ಸಾಲಿ ಬಿಟ್ಟು ಇಲ್ಲೇನ ಮಾಡಾಕತ್ತೀರಿ? ಏನಾತ್ರಿ?"

ನಾನು ಅವಳ ಕೈ ಹಿಡಿದು ನಟ್ಟಿನ ಮೇಲಿಟ್ಟೆ. ಅವಳು ತಿರುಗಿಸಿದಳು. ಇನ್ನೊಂದನ್ನೂ ತಿರುಗಿಸಿದಳು. ತಿರುಗಿ ಹಂದರದ ಕಡೆ ನೋಡಿದಳು. ಅಲ್ಲಿ ನನ್ನ ಅವ್ವ ಬಸುರಿ ಹುಡುಗಿಯ ಪಕ್ಕ ಕೂತು ಹೋಳಿಗೆ ಮುರಿಯುತ್ತಿದ್ದಳು.

"ಇದು ಹೆಂಗಾತು?"

ಎಲ್ಲವನ್ನೂ ಹೇಳಿದೆ. ಅಂಗಳದ ಅಳತೆ, ನೂರಾ ಹದಿಮೂರು, ಚೀಟಿಯ ಮೇಲೆ ಬರೆದದ್ದು, ಕಿರ್ ಶಬ್ದ. ಅವಳು ಕೇಳಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಅಂಗಡಿಗೆ ಫೋನು ಮಾಡಿ ಖಾಲಿ ಮಿನಿ ಲಾರಿಯನ್ನೂ ನಾಲ್ಕು ಹಮಾಲರನ್ನೂ ಕಳಿಸಲು ಹೇಳಿದಳು. ಆಮೇಲೆ ಒಳಗೆ ಹೋಗಿ ಆ ಹುಡುಗಿಗೆ ಆರತಿ ಎತ್ತಿ, ಉಡಿ ತುಂಬಿ, ನಗುತ್ತ ಮಾತಾಡಿದಳು. ನಾನು ಬೇವಿನ ಬುಡದಲ್ಲೇ ಕೂತಿದ್ದೆ. ಮನೆಯವರು ಅಲ್ಲಿಗೇ ಊಟ ತಂದು ಕೊಟ್ಟರು.

ಊರ ಹೊರಗಿನ ಒಂದು ದಿಬ್ಬಕ್ಕೆ ಲಾರಿಯ ಹಿಂಭಾಗ ತಾಗಿಸಿ, ಎಲ್ಲ ನಟ್ಟುಗಳನ್ನು ಕೈಲಾದಷ್ಟು ಬಿಗಿದು, ಹಮಾಲರು ಕಾರನ್ನು ಕೂಸಿನ ಹಾಗೆ ತಳ್ಳಿ ಏರಿಸಿದರು. ಲಾರಿಯ ತಳದಲ್ಲಿ ಉಳಿದಿದ್ದ ಮೆಣಸಿನಕಾಯಿ ಘಾಟಿಗೆ ನಾಲ್ವರೂ ಸೀನುತ್ತಿದ್ದರು. ಅವ್ವ ದೂರ ನಿಂತು, "ಗಾಳಿ ಹೋಗೇತೇನೋ?" ಅಂತ ಕೇಳಿದಳು. "ಹೂಂ ಬೇ" ಅಂದೆ. ನನ್ನ ಸ್ಕೂಟರನ್ನೂ ಅದೇ ಲಾರಿಗೆ ಏರಿಸಿ ನಾವು ಮೂವರು ಬಸ್ಸು ಹತ್ತಿದೆವು. ಅವ್ವ ಮುಂದಿನ ಸೀಟಿನಲ್ಲಿ ಕೂತು ನಿದ್ದೆ ಹೋದಳು.

ಬಸ್ಸು ಊರು ದಾಟಿದ ಮೇಲೆ ಹೆಂಡತಿ ಬಾಯಿ ಬಿಟ್ಟಳು. ದನಿ ಏರಿಸಲಿಲ್ಲ.

"ಅಳತಿ ತಪ್ಪೂದು ನನಗ ಗೊತ್ತಿಲ್ಲೇನು? ಬಜಾರದಾಗ ದಿನಾ ತೂಕ ತಪ್ಪತೈತಿ, ಮತ್ತ ತೂಗತೇವಿ. ನೀವು ಹದಿನೈದು ದಿನ ಅದನ್ನ ಹೊಟ್ಟ್ಯಾಗ ಇಟ್ಕೊಂಡು ಕುಂತ್ರಲ್ಲ."

"ಹೆದರಿದ್ದೆ" ಅಂದೆ.

"ನೀವು ಯಾವಾಗ ಹೆದರಿಲ್ಲ? ಗ್ಯಾಸಿಗೆ ಹೆದರ್ತೀರಿ, ನಾಯಿಗೆ ಹೆದರ್ತೀರಿ, ನನ್ನ ಸ್ಪೀಡಿಗೆ ಹೆದರ್ತೀರಿ. ಅದನ್ನೆಲ್ಲಾ ಬಾಯಿ ತುಂಬ ಹೇಳ್ತೀರಿ. ಖರೇ ಹೆದರೂ ಹೊತ್ತಿನ್ಯಾಗ ಬಾಯಿ ಮುಚ್ಚಿದ್ರಿ. ಮುಂದ ನಿಮ್ಮ ಯಾವ ಮಾತು ನಂಬಲಿ ನಾನು?"

ಬ್ಯಾಡಗಿ ಬರುವ ತನಕ ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಸೋಮವಾರ ಶಾಲೆ ಬಿಟ್ಟ ಮೇಲೆ ಹೆದ್ದಾರಿಯ ಅಂಗಡಿಗೆ ಹೋದೆ. ಅವನಿಗೆ ಚೆನ್ನಾಗಿ ಬೈಯಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನು ಕೇಳಿಸಿಕೊಂಡು, ಮೇಜಿನ ಖಾನೆಯಿಂದ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟ. ದುಂಡಗಿನ ಅಕ್ಷರ. ೧೧೨.

"ನಿಮ್ಮದ ಕೈಬರಹ ಐತ್ರಿ ಸರ. ನಾ ಎರಡ ಸಲ ಕೇಳಬೇಕಿತ್ತು, ಅದು ನನ್ನ ತಪ್ಪು. ಮಾಸ್ತರ ಅದೀರಿ ಅಂತ ಕೇಳಲಿಲ್ಲ."

ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಅಲ್ಲೇ ಉಳಿದವು. ರಂಧ್ರ ಸವೆದ ಚಕ್ರಗಳನ್ನು ಅವನು ಮರಳಿ ತೆಗೆದುಕೊಳ್ಳುವಂತಿರಲಿಲ್ಲ, ನಾನು ಕೇಳಲೂ ಇಲ್ಲ. ಅವನೇ ರಾಣೆಬೆನ್ನೂರಿನ ಒಬ್ಬ ಲೇಥ್ ಮೇಸ್ತ್ರಿಯ ಗುರುತು ಹೇಳಿದ. "ಅವರು ಹೂಂ ಅಂದ್ರ ಮಾತ್ರ ತಗೋರಿ" ಅಂದ.

ಮೇಸ್ತ್ರಿಗೆ ಎಪ್ಪತ್ತರ ಹತ್ತಿರ. ಬೀಜ ಸೋಸುವ ಯಂತ್ರಗಳ ಬಿಡಿಭಾಗ ಮಾಡುವುದು ಅವರ ಕಸುಬು. ಶೆಡ್ಡಿನ ತುಂಬ ಜರಡಿಗಳು, ರಾಟೆಗಳು. ಈ ಸಲ ಹೆಂಡತಿಯೂ ಬಂದಿದ್ದಳು, ಕಾರು ಮತ್ತೆ ಲಾರಿಯ ಮೇಲೆ ಬಂದಿತ್ತು. ಮೇಸ್ತ್ರಿ ಚಕ್ರ ಬಿಚ್ಚಿ ಬೋಲ್ಟುಗಳನ್ನು ಒಂದೊಂದಾಗಿ ನೋಡಿದರು. ಮೂರು ಬಾಗಿದ್ದವು. ವರ್ನಿಯರಿನಿಂದ ಪಕ್ಕಪಕ್ಕದ ಎರಡು ಬೋಲ್ಟುಗಳ ನಡುವೆ ಅಳೆದು ನನ್ನ ಕಡೆ ತಿರುಗಿದರು.

"ನೂರಾ ಹದಿನಾಲ್ಕು ಪಾಯಿಂಟ್ ಮೂರು. ನೀವು ಹೆಂಗ ಅಳದಿದ್ರಿ?"

ಹೇಳಿದೆ. ಹೆಂಡತಿಯ ಎದುರಿಗೇ ಹೇಳಿದೆ.

ಅವರು ನಗಲಿಲ್ಲ. "ಐದ ಬೋಲ್ಟು ಎಲ್ಲಾರನ್ನೂ ಮೋಸ ಮಾಡತಾವು. ನಾಲ್ಕಿದ್ರ ಎದುರಾ ಎದುರ ಸಿಗತಾವು. ಐದರಾಗ ಎದುರಿಗೆ ಏನೂ ಇರಂಗಿಲ್ಲ" ಅಂದರು. ಆಮೇಲೆ ಅವಳ ಕಡೆ ನೋಡಿ, "ಎರಡು ಮೂರು ನೂರು ಕಿಲೋಮೀಟರ್ ಇನ್ನೂ ಓಡಿಸಿದ್ರ ಬೋಲ್ಟು ಮುರೀತಿದ್ದುವು ತಂಗಿ. ಲಗೂ ಬಂದೀರಿ" ಅಂದರು. ಅವಳು ಸೆರಗನ್ನು ಭುಜದ ಮೇಲೆ ಬಿಗಿಯಾಗಿ ಎಳೆದುಕೊಂಡಳು.

ಪಕ್ಕದ ರಸ್ತೆಯಲ್ಲಿ ಹಳೆಯ ಚಕ್ರಗಳ ವ್ಯಾಪಾರಿಯೊಬ್ಬನಿದ್ದ. ನಮ್ಮ ಬೋಲ್ಟಿನ ವೃತ್ತದ್ದೇ ಎರಡು ಸೆಟ್ಟು ಅವನಲ್ಲಿ ಸಿಕ್ಕವು. ಒಂದು ಅಗಲವಾದದ್ದು, ಹೊಳಪಿನದು, ಕಾರನ್ನು ಇನ್ನೂ ನೆಲಕ್ಕೆ ಒತ್ತಿದ ಹಾಗೆ ಕಾಣಿಸುವಂಥದು. ಇನ್ನೊಂದು ಯಾವುದೋ ಮನೆಬಳಕೆಯ ಕಾರಿನಿಂದ ಬಿಚ್ಚಿದ್ದು, ಸಾದಾ, ಅಂಚಿನಲ್ಲಿ ಗೀರು ಬಿದ್ದದ್ದು, ತೀರ ಅಗ್ಗ. ಅವಳ ಕಣ್ಣು ಮೊದಲನೆಯದರ ಮೇಲೆ ನೆಟ್ಟಿತು. ನನಗೆ ಗೊತ್ತಾಯಿತು. ಹಿಂದಿನ ನಾನಾಗಿದ್ದರೆ ಅವಳ ಮುಖ ನೋಡಿ ಸುಮ್ಮನಿರುತ್ತಿದ್ದೆ.

"ಅದು ಹೊರಗ ಚಾಚತೈತಿ ಅಂತ ನನಗ ಹೆದರಿಕಿ ಐತಿ" ಅಂದೆ. "ಖರೇ ಹೆದರಿಕಿನೋ ಸುಳ್ಳೋ ಗೊತ್ತಿಲ್ಲ. ಹಾಕಿ ನೋಡೂಣು."

ಮೇಸ್ತ್ರಿ ಒಂದು ಜೊತೆ ಹಾಕಿದರು. ನಾನು ಜೇಬಿನಲ್ಲಿದ್ದ ಸೀಮೆಸುಣ್ಣದಿಂದ ಟೈರಿನ ಹೊರಭುಜದ ಮೇಲೆ ದಪ್ಪಗೆ ಬಳಿದೆ. ಇಬ್ಬರೂ ಒಳಗೆ ಕೂತೆವು. ಅವಳು ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಶೆಡ್ಡಿನ ಮುಂದಿನ ಉಬ್ಬನ್ನು ನಿಧಾನವಾಗಿ ಹತ್ತಿ ಇಳಿಸಿದಳು. ಇಳಿದು ನೋಡಿದರೆ ತಗಡಿನ ಒಳ ಅಂಚಿಗೆ ಬಿಳಿ ಗೆರೆ ಮೂಡಿತ್ತು. ಅವಳು ಅದರ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡು, "ಬ್ಯಾಡ" ಅಂದಳು.

ಸಾದಾ ಚಕ್ರಕ್ಕೆ ಸುಣ್ಣ ಹಚ್ಚಿ ನೋಡಿದೆವು. ಎಲ್ಲಿಯೂ ಗೆರೆ ಬೀಳಲಿಲ್ಲ. ನಡುವಿನ ರಂಧ್ರ ಮಾತ್ರ ಹಬ್ಬಿಗಿಂತ ಕೊಂಚ ದೊಡ್ಡದಿತ್ತು. ಮೇಸ್ತ್ರಿ ಅಲ್ಯೂಮಿನಿಯಮ್ಮಿನ ನಾಲ್ಕು ಬಳೆಗಳನ್ನು ಲೇಥಿನ ಮೇಲೆ ಕಡೆದರು. ಎರಡು ತಾಸು ನಾವು ಅವರ ಸ್ಟೂಲುಗಳ ಮೇಲೆ ಕೂತು ನೋಡಿದೆವು. ಒಂದೊಂದು ಬಳೆಯೂ ಹಬ್ಬಿನ ಮೇಲೆ ಅಂಗೈಯಿಂದ ಒತ್ತಿದರೆ ಸಾಕು, ಸರ್ರನೆ ಕೂರುತ್ತಿತ್ತು. ಬಾಗಿದ ಬೋಲ್ಟು ಬದಲಾದವು. ನಟ್ಟುಗಳನ್ನು ಅವರು ಕಾಲಿನಿಂದ ಒತ್ತಲಿಲ್ಲ, ಟಕ್ ಎಂದು ಸದ್ದು ಮಾಡುವ ಪಾನಾದಿಂದ, ಒಂದು ಬಿಟ್ಟು ಒಂದರಂತೆ ಬಿಗಿದರು. ಯಾವುದೂ ಕಿರ್ ಅನ್ನಲಿಲ್ಲ.

"ಐವತ್ತು ಕಿಲೋಮೀಟರ್ ಆದಮ್ಯಾಲೆ ಮತ್ತೊಮ್ಮೆ ಬಿಗೀರಿ" ಎಂದು ಆ ಪಾನಾವನ್ನು ನನ್ನ ಕೈಗೇ ಕೊಟ್ಟರು. "ಒಂದ ವಾರ ಬಿಟ್ಟು ತಂದು ಕೊಡ್ರಿ."

ರಾಣೆಬೆನ್ನೂರಿನಿಂದ ಹೆದ್ದಾರಿ ಹಿಡಿದೆವು. ಅರವತ್ತು ದಾಟಿತು, ಎಪ್ಪತ್ತು. ನಾನು ಎರಡೂ ಅಂಗೈಗಳನ್ನು ತೊಡೆಯ ಮೇಲೆ ಊರಿ ಕೂತಿದ್ದೆ. ಎಂಬತ್ತು. ಸ್ಟೇರಿಂಗಿನ ಮೇಲೆ ಅವಳು ಎರಡು ಬೆರಳು ಮಾತ್ರ ಇಟ್ಟಿದ್ದಳು. ತೊಂಬತ್ತು. ನಡುಕ ಬರಲಿಲ್ಲ. ಬರುತ್ತದೆ, ಇನ್ನೇನು ಬರುತ್ತದೆ ಎಂದು ನಾನು ಬ್ಯಾಡಗಿ ತಿರುವಿನ ತನಕ ಕಾದೆ. ಬಸ್ಸಿನಲ್ಲಿ ಆಡಿದ ಮಾತು ನಮ್ಮಿಬ್ಬರ ನಡುವೆ ಇನ್ನೂ ಇತ್ತು. ಹೊಸ ಚಕ್ರದಿಂದ ಅದು ಸರಿಯಾಗುವಂಥದಲ್ಲ ಅಂತ ನನಗೆ ತಿಳಿದಿತ್ತು.

ಮೂರು ದಿನದ ಮೇಲೆ, ಅವಳು ಹಾವೇರಿಗೆ ಬ್ಯಾಂಕಿನ ಕೆಲಸಕ್ಕೆ ಬಂದವಳು ಶಾಲೆಯ ಮುಂದೆ ಕಾರು ನಿಲ್ಲಿಸಿದಳು. ತಾನಾಗಿ ಬಂದಿದ್ದಳು, ನಾನು ಕರೆದಿರಲಿಲ್ಲ.

"ಐವತ್ತು ದಾಟೇತಿ. ಬಿಗೀತೀರೇನು?"

ಮಧ್ಯಾಹ್ನದ ಬಿಸಿಲಿನಲ್ಲಿ, ಶಾಲೆಯ ಕಂಪೌಂಡಿನ ನೆರಳಿಗೆ ಸರಿದು ಕಾರಿನಲ್ಲೇ ಇಟ್ಟಿದ್ದ ಪಾನಾವನ್ನು ಒಂದೊಂದೇ ನಟ್ಟಿಗೆ ಹಾಕಿದೆ. ಟಕ್, ಟಕ್. ಬಲಗಡೆಯ ಮುಂದಿನ ಚಕ್ರದ ಒಂದು ನಟ್ಟು ಕಾಲು ಸುತ್ತು ತಿರುಗಿ ಆಮೇಲೆ ಟಕ್ ಅಂತು. ನನ್ನ ಕೈ ನಿಂತಿತು. ಅವಳು ನೋಡುತ್ತಲೇ ಇದ್ದಳು.

"ಒಂದು ಕಾಲ ಸುತ್ತು ತಗೊಂತು" ಅಂದೆ.

"ಹಂಗಂದ್ರ ಹೆದರಬೇಕೇನು?"

"ಇಲ್ಲ. ಹೊಸಾ ಬೋಲ್ಟಿನಾಗ ಅಷ್ಟು ಸಹಜ ಅಂತ ಮೇಸ್ತ್ರಿ ಹೇಳ್ಯಾರ. ಆದ್ರೂ ನಾಳೆ ಮತ್ತೊಮ್ಮೆ ನೋಡತೇನಿ."

"ಖರೇ ಹೇಳಾಕತ್ತೀರೋ?"

"ಖರೇ."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು, ಮಾರುಕಟ್ಟೆಯಲ್ಲಿ ಕಾಯಿ ಮುರಿದು ಮೂಸಿ ನೋಡುವ ಹಾಗೆ. ಆಮೇಲೆ ಒಳಗೆ ಕೂತು ಬಾಗಿಲು ಎಳೆದುಕೊಂಡು, ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲವನ್ನು ಎತ್ತಿ ಹಿಂದಿಟ್ಟಳು.

"ಸಾಲಿ ಬಿಡೂ ಮಟಾ ಕಾಯ್ತೇನಿ. ಸ್ಕೂಟರ್ ಇಲ್ಲೇ ಇರಲಿ" ಅಂದಳು.